ಪೊಟ್ಟಣ ನನ್ನೆದುರಿಗೇ ಒಡೆ

ಮಗಳೇ,

ಚಿಮಟ ಕದ್ದೆಯೆಂದು ಬೈದು ನಿನ್ನನ್ನು ನಮ್ಮ ಗಡಿಯಾರ ರಿಪೇರಿ ಅಂಗಡಿಯಿಂದ ಓಡಿಸಿ ತಿಂಗಳಾಯಿತು. ನೀನು ಕೊಡುತ್ತಿದ್ದ ಬಿಪಿ ಮಾತ್ರೆಯನ್ನು ನಾನು ನುಂಗುತ್ತಲೇ ಇರಲಿಲ್ಲ. ಮಂಕು ಹಿಡಿಸಿ ಅಂಗಡಿ ಬರೆಸಿಕೊಳ್ಳುತ್ತೀಯೆಂಬ ಗುಮಾನಿ.

ಮೊನ್ನೆ ಡಾಕ್ಟರು ಸ್ಕ್ಯಾನ್ ನೋಡಿ, "ಮಿದುಳನ್ನ ಕಾಯೋಕೆ ಒಂದು ಬೇಲಿ ಇರುತ್ತೆ ಯಜಮಾನ್ರೇ. ಇಷ್ಟು ವರ್ಷ ರಕ್ತದ ಒತ್ತಡ ಗುದ್ದಿ ಗುದ್ದಿ ಅದು ಸಡಿಲ ಆದಂಗಿದೆ. ಈ ಮರೆವು, ಅನುಮಾನ ಅದರಿಂದಲೂ ಇರಬಹುದು" ಎಂದರು. ಅವರೂ ನಿನ್ನ ಕಡೆಯವರೇ ಎಂದುಕೊಂಡೆ.

ಇವತ್ತು ಚಿಮಟ ನನ್ನ ಕನ್ನಡಕದ ಡಬ್ಬಿಯಲ್ಲೇ ಸಿಕ್ಕಿತು. ನೀನೇ ಗುಟ್ಟಾಗಿ ಬಂದು ಇಟ್ಟೆಯೇನೋ ಎಂದು ಬಾಗಿಲಿನ ಬೀಗ ನೋಡಿದೆ; ಹಾಕಿದ್ದು ಹಾಗೇ ಇತ್ತು. ಆಮೇಲೆ ನನಗೇ ನಾಚಿಕೆಯಾಯಿತು.

ಬಾ. ಮಾತ್ರೆ ನುಂಗುತ್ತೇನೆ. ಪೊಟ್ಟಣ ಮಾತ್ರ ನನ್ನೆದುರಿಗೇ ಒಡೆ. ಸದ್ಯಕ್ಕೆ ಇಷ್ಟೇ ನಂಬಲು ನನ್ನ ಕೈಲಾಗುವುದು.

ನಿನ್ನ ಅಪ್ಪ