ತೋಟಾ ಡಬ್ಬಿಯಲ್ಲಿ ಸಿಕ್ಕ ಅರ್ಜಿ

ವೂರ್‌ಬರ್ಗ್
೩ ಡಿಸೆಂಬರ್ ೧೯೯೮, ಗುರುವಾರ

ಗಯಾಸ್ ಅವರಿಗೆ,

ಅಸ್ಸಲಾಮು ಅಲೈಕುಮ್. ಎಷ್ಟೇ ಸಿಟ್ಟಿದ್ದರೂ ಸಲಾಂ ಹೇಳದೆ ಕಾಗದ ಶುರು ಮಾಡಬಾರದು ಅಂತ ಅಮ್ಮಿ ಕಲಿಸಿದ್ದಾರೆ, ಅದಕ್ಕೆ ಹೇಳಿದ್ದೇನೆ. ‘ಪ್ರೀತಿಯ’ ಅಂತ ಬರೆಯಲು ಕೈ ಬರಲಿಲ್ಲ. ನಮ್ಮ ಜಗಳವೆಲ್ಲ ಮನೆಮಾತು ದಖ್ನಿಯಲ್ಲೇ ನಡೆಯೋದು. ಆದರೆ ದಖ್ನಿಯಲ್ಲಾದರೆ ಎರಡು ಮಾತಿಗೆ ನಾನು ಅತ್ತುಬಿಡುತ್ತೇನೆ, ನೀವು ಗೆದ್ದುಬಿಡುತ್ತೀರಿ. ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು, ಅದಕ್ಕೇ ಈ ಸಲ ಕನ್ನಡದಲ್ಲೇ ಆಗಲಿ.

ಸೋಮವಾರ ನೀವು ಸೈಕಲ್ ಏರಿ ಆಫೀಸಿಗೆ ಹೋದ ಮೇಲೆ ನಾನು ಬಸ್ಸು, ರೈಲು ಹಿಡಿದು ಗೆಳತಿ ಮೈಥಿಲಿ ಮನೆಗೆ ಬಂದುಬಿಟ್ಟೆ. ನೀವು ಫೋನ್ ಮಾಡಿದ್ದಿರಂತೆ. ಅಫ್ಶಾನ್‌ಗೆ ಏನಾಗಿದೆ ಅಂತ ನನಗೇ ಅರ್ಥವಾಗುತ್ತಿಲ್ಲ ಅಂತ ಅವಳ ಹತ್ತಿರ ಹೇಳಿಕೊಂಡಿರಂತೆ. ಅಯ್ಯೋ ಪಾಪ! ಅರ್ಥ ಮಾಡಿಸುತ್ತೇನೆ, ಕೂತು ಓದಿ. ಬ್ಯಾಂಕಿನದಾಗಲಿ ಪೊಲೀಸರದಾಗಲಿ, ಯಾವ ಕಾಗದವನ್ನೂ ಕೊನೆಯವರೆಗೆ ಓದುವ ಜೀವವಲ್ಲ ನಿಮ್ಮದು. ಎರಡು ಸಾಲು ಓದಿ ನನ್ನ ಕಡೆ ತಳ್ಳುತ್ತೀರಿ. ಇದನ್ನು ತಳ್ಳಲು ಅಲ್ಲಿ ನಾನಿಲ್ಲ.

ಭಾನುವಾರ ನೀವು ನಿಮ್ಮ ಬೇಟೆ ಗೆಳೆಯ ಹೆಂಕ್ ಅವರ ಹೊಲದ ಮನೆಗೆ ಕಾಫಿಗೆ ಹೊರಟಿರಿ. ಬರುವ ಶನಿವಾರ ಮೊಲದ ಬೇಟೆ, ಮೊನ್ನೆ ತಂದ ಹಳೇ ಜೋಡುನಳಿಗೆ ಕೋವಿಯಲ್ಲೇ ಹೊಡೆಯುತ್ತೇನೆ, ಅದಕ್ಕೆ ತೋಟಾ ಆರಿಸಿ ಬೆಲ್ಟಿಗೆ ತುಂಬಿಡು ಅಂತ ಕೋವಿ ಬೀರುವಿನ ಕೀ ಕೊಟ್ಟು ಹೋದಿರಿ. ಲೈಸೆನ್ಸ್ ಇರೋದು ನಿಮ್ಮ ಹೆಸರಲ್ಲಿ, ಆ ಕೀ ನನ್ನ ಕೈಗೆ ಬರುವುದೇ ತಪ್ಪು. ಆ ಕಾನೂನನ್ನು ನಿಮಗೆ ಓದಿ ಹೇಳಿದವಳೂ ನಾನೇ. ಇರಲಿ. ಡಬ್ಬಿ ತೆಗೆದೆ, ತೋಟಾಗಳನ್ನು ಎತ್ತಿದೆ. ತಳದಲ್ಲಿ ಒಂದು ಲಕೋಟೆ. ಮೇಲೆ ನನ್ನ ಅಕ್ಷರ. ಒಳಗೆ ಬೇಟೆ ಲೈಸೆನ್ಸಿಗೆ ಬೇಕಾದ ಪರೀಕ್ಷೆಯ ತರಗತಿಗೆ ನಾನು ತುಂಬಿದ ಅರ್ಜಿ, ನನ್ನ ಫೋಟೋ. ಸ್ಟೇಷನ್ನಿನ ಫೋಟೋ ಪೆಟ್ಟಿಗೆಯಲ್ಲಿ ಹಸಿರು ದುಪಟ್ಟಾ ಹೊದ್ದು ತೆಗೆಸಿದ್ದು, ನೀವೇ ಹೊರಗೆ ಪರದೆ ಹಿಡಿದು ನಿಂತಿದ್ದಿರಿ, ನಗು ಅಂದಿದ್ದಿರಿ. ಲಕೋಟೆಗೆ ಸ್ಟಾಂಪ್ ಹಚ್ಚಿದೆ, ಮೊಹರು ಬಿದ್ದಿಲ್ಲ.

ಆಗಸ್ಟಿನಲ್ಲಿ ಅದನ್ನು ಅಂಚೆಗೆ ಹಾಕಿದೆ ಅಂದಿರಿ. ಅಕ್ಟೋಬರಿನಲ್ಲಿ ಉತ್ತರ ಬಂತು, ಗಂಡನ ವಾಸದ ಪರ್ಮಿಟ್ ಮೇಲೆ ಇರುವವರನ್ನು ಪರೀಕ್ಷೆಗೆ ಕೂರಿಸುವುದಿಲ್ಲವಂತೆ ಅಂದಿರಿ. ಎಲ್ಲಿ ಆ ಕಾಗದ ಅಂದರೆ ಆಫೀಸಿನಲ್ಲಿ ಮರೆತೆ ಅಂದಿರಿ. ನಾನು ನಂಬಿ ಎರಡು ದಿನ ಅತ್ತೆ. ನೀವು ಪಕ್ಕದಲ್ಲಿ ಕೂತು ತಲೆ ಸವರಿದಿರಿ, ಚಹಾ ಮಾಡಿಕೊಟ್ಟಿರಿ, ಏಲಕ್ಕಿ ಬೇರೆ ಹಾಕಿ. ಸುಳ್ಳು ಹೇಳಿದ್ದಕ್ಕಿಂತ ಆ ಚಹಾ ನೆನೆಸಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈ ಪರೀಕ್ಷೆ ನನಗೆ ಏನು ಅಂತ ನಿಮಗೆ ಗೊತ್ತಿರಲಿಲ್ಲ ಅನ್ನಬೇಡಿ. ಮಡಿಕೇರಿಯಲ್ಲಿ ಅಬ್ಬಾರದು ಕೋವಿ ರಿಪೇರಿ ಅಂಗಡಿ. ಕೊಡವರ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತು ಅಂದರೆ ಅವರ ಮನೆಗಳಲ್ಲಿ ಪೂಜೆಗೆ ಇಡುವ ಕೋವಿಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ನಳಿಗೆ ಉಜ್ಜಿ, ಎಣ್ಣೆ ಬಿಟ್ಟು, ಹಿತ್ತಲಲ್ಲಿ ತೆಂಗಿನಕಾಯಿ ಇಟ್ಟು ಗುರಿ ನೋಡಿ ಕೊಡುವುದು ಹನ್ನೆರಡನೇ ವಯಸ್ಸಿನಿಂದ ನನ್ನ ಕೆಲಸ. ಹಬ್ಬದ ದಿನ ಆ ಮನೆಗಳ ಹೆಣ್ಣುಮಕ್ಕಳು ಕೂಡ ಕಾಯಿಗೆ ಹೊಡೆಯೋರು. ನಾನು ರೆಡಿ ಮಾಡಿಕೊಟ್ಟ ಕೋವಿಯಲ್ಲೇ ಹೊಡೆಯೋರು, ನಾನು ಅಬ್ಬಾರ ಹಿಂದೆ ನಿಂತು ನೋಡುತ್ತಿದ್ದೆ. ಇಷ್ಟೊಂದು ಕೋವಿ ನನ್ನ ಕೈ ಮೇಲೆ ಹಾದುಹೋದವಲ್ಲ, ಒಂದಾದರೂ ನನ್ನ ಹೆಸರಲ್ಲಿ ಇರಬೇಕು ಅನ್ನೋ ಆಸೆ. ಅದನ್ನು ಅಮ್ಮಿಗೂ ಹೇಳಿರಲಿಲ್ಲ, ಮದುವೆಯಾದ ಹೊಸದರಲ್ಲಿ ನಿಮಗೊಬ್ಬರಿಗೇ ಹೇಳಿದ್ದೆ.

ನಿಮಗೆ ಈ ಹುಚ್ಚು ಹತ್ತಿದ್ದು ಇಲ್ಲಿಗೆ ಬಂದು ಹೆಂಕ್ ಪರಿಚಯವಾದ ಮೇಲೆ. ಭಾರದ ಕೋವಿಯೇ ಬೇಕು ಅಂತ ಅಂಗಡಿಯಲ್ಲಿ ಕುಣಿದಿರಿ. ನಿಮ್ಮ ತೋಳಿನ ಉದ್ದ ನೋಡಿ, ಹೆಗಲಿಗೆ ಸರಿಯಾಗಿ ಕೂರುವ ಹಗುರ ಕೋವಿ ಆರಿಸಿದವಳು ನಾನು. ಈ ಡಚ್ಚರ ದೇಶದಲ್ಲಿ ತೋಟಾದೊಳಗೆ ಸೀಸದ ಚರೆ ನಿಷೇಧ, ಉಕ್ಕಿನದೇ ಹಾಕಬೇಕು. ಉಕ್ಕು ಹಗುರ, ಬೇಗ ಸುಸ್ತಾಗುತ್ತದೆ, ಅದಕ್ಕೆ ಅಬ್ಬಾ ಕಾಲದ ಲೆಕ್ಕಕ್ಕಿಂತ ಎರಡು ನಂಬರ್ ದಪ್ಪ ಚರೆ ತಗೊಳ್ಳಿ ಅಂದವಳು ನಾನು. ಫೆಸೆಂಟ್ ಹಕ್ಕಿಗೆ ನಾಲ್ಕನೇ ನಂಬರು, ಮೊಲಕ್ಕೆ ಮೂರು. ಮೂವತ್ತು ಹೆಜ್ಜೆ ದಾಟಿದ್ದರೆ ಕೋವಿ ಎತ್ತಲೇಬೇಡಿ, ಗಾಯವಾದ ಮೊಲ ಮಗುವಿನ ಹಾಗೆ ಕೂಗುತ್ತದೆ, ಬಿಸ್ಮಿಲ್ಲಾ ಹೇಳಿ ಟ್ರಿಗರ್ ಎಳೆಯಿರಿ, ಒಂದೇ ಏಟಿಗೆ ಮುಗಿಯಬೇಕು ಅಂತ ಅಬ್ಬಾ ಹೇಳುತ್ತಿದ್ದುದನ್ನೆಲ್ಲ ನಿಮಗೆ ಒಪ್ಪಿಸಿದೆ. ನಂಬರ್ ದೊಡ್ಡದಾದರೆ ಚರೆ ಸಣ್ಣದು ಅನ್ನೋದು ನಿಮ್ಮ ತಲೆಗೆ ಇಳಿಯಲು ಒಂದು ವಾರ ಬೇಕಾಯಿತಲ್ಲ, ಇಂಜಿನಿಯರ್ ಸಾಹೇಬರೇ! ಡಚ್ ಪುಸ್ತಕ ಮುಂದಿಟ್ಟುಕೊಂಡು ಅಡುಗೆಮನೆ ಮೇಜಿನ ಮೇಲೆ ಒಂದು ವರ್ಷ ನಿಮ್ಮ ಜೊತೆ ಓದಿದೆ. ನೀವು ಪಾಸಾದ ದಿನ ನಾನೇ ಶೀರ್ ಕುರ್ಮಾ ಮಾಡಿ ಬೀದಿಯವರಿಗೆಲ್ಲ ಹಂಚಿದೆ.

ಈಗ ನವೆಂಬರಿನ ಆ ಊಟದ ವಿಷಯಕ್ಕೆ ಬರುತ್ತೇನೆ. ಹೆಂಕ್ ಮನೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು, ನಿನ್ನ ಗಂಡ ಎಂಥ ಜಾಣ, ಯಾವ ಬೇಟೆಗೆ ಯಾವ ತೋಟಾ ಅನ್ನೋದು ಅವನ ರಕ್ತದಲ್ಲೇ ಇದೆ, ಅಜ್ಜ ದೊಡ್ಡ ಶಿಕಾರಿಯಂತಲ್ಲ, ತೊಡೆ ಮೇಲೆ ಕೂರಿಸಿಕೊಂಡು ಕಲಿಸಿದರಂತಲ್ಲ ಅಂದರು. ನಿಮ್ಮ ದಾದಾ! ಮೈಸೂರಿನ ಮಾರ್ಕೆಟ್ಟಿನಲ್ಲಿ ಬಳೆ ತೊಡಿಸುತ್ತಿದ್ದ ಸಾಧು ಮನುಷ್ಯ, ಕಾಗೆ ಓಡಿಸಲಿಕ್ಕೂ ಕಲ್ಲೆತ್ತಿದವರಲ್ಲ. ನೀವು ಮೇಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದಿರಿ. ನಾನು ನಕ್ಕು ಹೌದು ಅಂದೆ. ಹೊಸ ಜನರ ಮಧ್ಯೆ ಸ್ವಲ್ಪ ಜಂಬ, ಇರಲಿ ಬಿಡು ಅಂದುಕೊಂಡೆ. ಆ ಜಂಬಕ್ಕೆ ನನ್ನ ಅರ್ಜಿಯನ್ನು ಬಲಿ ಕೊಟ್ಟಾಗಿತ್ತು ಅಂತ ನನಗೇನು ಗೊತ್ತು?

ಲಕೋಟೆ ಕೈಯಲ್ಲಿ ಹಿಡಿದು ಕೂತಾಗ ಎಲ್ಲ ಸ್ಪಷ್ಟವಾಯಿತು. ನಾನು ಆ ತರಗತಿಗೆ ಬಂದು ಬಾಯಿ ಬಿಟ್ಟರೆ, ಒಂದು ಸಲ ಕೋವಿ ಹೆಗಲಿಗಿಟ್ಟರೆ, ಯಾರು ಯಾರಿಗೆ ಕಲಿಸಿದ್ದು ಅಂತ ಹೆಂಕ್ ಅವರ ಬೇಟೆ ಬಳಗಕ್ಕೆಲ್ಲ ಗೊತ್ತಾಗುತ್ತದೆ. ಅಷ್ಟೇ ತಾನೇ ನಿಮ್ಮ ಭಯ? ನನ್ನ ಹತ್ತಿರ ಬಂದು, ಅಫ್ಶಾನ್, ನನಗೆ ನಾಚಿಕೆಯಾಗುತ್ತದೆ, ಒಂದು ವರ್ಷ ತಡಿ ಅಂದಿದ್ದರೆ ತಡೆಯುತ್ತಿದ್ದೆ. ಬೈಯುತ್ತಿದ್ದೆ, ಆದರೂ ತಡೆಯುತ್ತಿದ್ದೆ. ಹೊರಗಿನವರು ಮೋಸ ಮಾಡಿದ್ದರೆ ನಿಮ್ಮ ಹತ್ತಿರ ಬಂದು ಅಳುತ್ತಿದ್ದೆ. ಈಗ ಯಾರ ಹತ್ತಿರ ಹೋಗಲಿ, ನೀವೇ ಹೇಳಿ.

ಅರ್ಜಿಯನ್ನು ನನ್ನ ಜೊತೆ ತಂದಿದ್ದೇನೆ. ಮಂಗಳವಾರ ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ನನ್ನ ಹರಕು ಡಚ್‌ನಲ್ಲಿ ಕೇಳಿದೆ. ಗಂಡನ ಪರ್ಮಿಟ್ಟಿಗೂ ಇದಕ್ಕೂ ಏನೂ ಸಂಬಂಧವಿಲ್ಲವಂತೆ. ಅರ್ಜಿಯಲ್ಲಿದ್ದ ನಮ್ಮ ಮನೆಯ ವಿಳಾಸ ಹೊಡೆದುಹಾಕಿ ಇಲ್ಲಿಯದು ಬರೆದು, ಮೈಥಿಲಿ ಜೊತೆ ಹೋಗಿ ನನ್ನ ಕೈಯಾರೆ ಅಂಚೆ ಡಬ್ಬಿಗೆ ಹಾಕಿದೆ. ಬಿದ್ದ ಸದ್ದು ಕೇಳುವವರೆಗೂ ಅಲ್ಲೇ ನಿಂತಿದ್ದೆ. ವಾಪಸ್ ಬಾ ಅಂತ ಸದ್ಯಕ್ಕೆ ಫೋನ್ ಮಾಡಬೇಡಿ. ಬೇಳೆ ಸಾರು ಫ್ರೀಜರಿನಲ್ಲಿದೆ.

ನಿಮ್ಮನ್ನು ನಂಬಿದ್ದ,
ಅಫ್ಶಾನ್

ತಾ. ಕ.: ಆ ಹಳೇ ಜೋಡುನಳಿಗೆಯನ್ನು ನೀವು ನನ್ನನ್ನು ಒಂದು ಮಾತೂ ಕೇಳದೆ ತಂದಿರಿ. ಕಳೆದ ಶುಕ್ರವಾರ ನೀವು ಸ್ನಾನಕ್ಕೆ ಹೋದಾಗ ಅಬ್ಬಾ ಕೊಟ್ಟ ಹಿತ್ತಾಳೆ ಅಳತೆ ಕಡ್ಡಿ ಹಾಕಿ ನೋಡಿದೆ. ಎರಡೂ ನಳಿಗೆ ತುದಿಯಲ್ಲಿ ಬಹಳ ಬಿಗಿ, ಸೀಸದ ಕಾಲಕ್ಕೆ ಮಾಡಿದ್ದು. ಸೀಸ ಮೆತ್ತಗೆ, ಹಿಸುಕಿಕೊಂಡು ದಾಟುತ್ತದೆ. ಉಕ್ಕು ದಾಟುವುದಿಲ್ಲ. ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಸಮಯ ನೋಡಿ ಹೇಳೋಣ ಅಂತಿದ್ದೆ. ಲಕೋಟೆ ಸಿಕ್ಕ ಮೇಲೆ ಹೇಳಲಿಲ್ಲ. ಗೊತ್ತಿದ್ದೂ ಬೆಲ್ಟಿನ ತುಂಬ ಉಕ್ಕಿನ ತೋಟಾ ತುಂಬಿಟ್ಟು ಬಂದೆ. ಈ ಮಾತನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ನೀವು ಕೊನೆಯವರೆಗೆ ಓದುತ್ತೀರೋ ಇಲ್ಲವೋ ನೋಡೇಬಿಡೋಣ ಅಂತ ಇಲ್ಲಿಗೆ ಇಟ್ಟೆ. ಆದರೆ ನೀವು ಓದದೇ ಬಿಟ್ಟರೆ ಏನು ಗತಿ ಅಂತ ಲಕೋಟೆ ಅಂಟಿಸದೆ ಎದ್ದೆ. ಈಗಷ್ಟೇ ಹೆಂಕ್ ಅವರಿಗೆ ಫೋನ್ ಮಾಡಿದೆ. ಶನಿವಾರ ಆ ಕೋವಿ ನಿಮ್ಮ ಕೈಯಲ್ಲಿ ಕಂಡರೆ ಕಿತ್ತಿಟ್ಟುಕೊಳ್ಳಿ ಅಂತ, ಯಾಕೆ ಅಂತಲೂ ಹೇಳಿದೆ. ಅವರು, ಇದನ್ನೆಲ್ಲ ನಿಮಗೆ ಗಯಾಸನ ಅಜ್ಜ ಕಲಿಸಿದರಾ ಅಂತ ಕೇಳಿದರು.

ಅಲ್ಲ, ನನ್ನ ಅಬ್ಬಾ ಅಂದೆ.