ಚೈತ್ರದಲ್ಲಿ ಅಗೆದು ನೋಡಿದ ಜಾಗ

ಅಪ್ಪಾ,

ನೀನು ಕುಳಿತಿರುವ ಜಾಗದಿಂದ ಹದಿನೈದು ಹೆಜ್ಜೆ ದೂರದಲ್ಲಿ, ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹತ್ತಿರ ಬಂದು ಬಾಯಲ್ಲೇ ಹೇಳಬಹುದಿತ್ತು. ಆದರೆ ಹಿಂದೊಮ್ಮೆ ಬಾಯಲ್ಲಿ ಹೇಳಿದಾಗ ನೀನು ಗೋಡೆಯ ಕಡೆ ಹೊರಳಿಬಿಟ್ಟೆ. ಅದಕ್ಕೇ ಈ ಕಾಗದ.

ಕೊಲ್ಹಾಪುರದ ಆ ಡಾಕ್ಟರರ ಕೋಣೆ ನೆನಪಿದೆಯೇ? ಗಡಹಿಂಗ್ಲಜದ ಪೇಟೆಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ಚೀಲ ಬಿಚ್ಚಿ, ತೂಗಿ, ಕಟ್ಟಿ ನಿನ್ನ ಎದೆಯೊಳಗೆ ಘಾಟು ಕೂತುಬಿಟ್ಟಿತ್ತು. ಸಮುದ್ರದ ಗಾಳಿಯಲ್ಲಿ ಇದ್ದರೆ ಸುಧಾರಿಸಬಹುದು ಎಂದರು ಅವರು. ನೀನು ಹೆದರಿದೆ, ನಾನು ಹಿಗ್ಗಿದೆ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು, ಇಚಲಕರಂಜಿಯ ಮಗ್ಗದಲ್ಲಿ ಎಂಟು ತಿಂಗಳೂ ನಿಲ್ಲದವನು ನಾನು. ಎಲ್ಲಿಗಾದರೂ ಹೋಗಬೇಕಿತ್ತು, ಅಷ್ಟೇ. ಕಾಕಾ ಅಂಗಡಿಯ ಗಾದಿಯ ಮೇಲಿಂದಲೇ ಅಂದಿದ್ದ: "ಸಮುದ್ರಕ್ಕ ಹೊಂಟಾಂವ ನಿಮ್ಮಪ್ಪ ಅಲ್ಲೋ, ನೀನ. ಅವನ ಕೆಮ್ಮು ನಿನಗ ಟಿಕೇಟು!" ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಖರೆ ಇತ್ತು.

ರತ್ನಾಗಿರಿಯ ಹೊರಗಿನ ಈ ಕಡಲ ವಸತಿಗೆ ಮನೆ ನೋಡಲು ಬಂದದ್ದು ಚೈತ್ರದಲ್ಲಿ. ಬಾಡಿಗೆ ಮನೆಗಳು ಬೇಕಷ್ಟಿದ್ದವು, ನೀನು ಬೇಡವೆಂದೆ. ನಮ್ಮವರು ಸುಡುವವರಲ್ಲ, ಕೂಡಿಸಿ ಮಣ್ಣು ಕೊಡುವವರು. ಇಲ್ಲಿ ನಮ್ಮ ಮಂದಿಯೂ ಇಲ್ಲ, ನಮ್ಮ ರುದ್ರಭೂಮಿಯೂ ಇಲ್ಲ. ಹಾಗಾಗಿ ಸ್ವಂತ ಹಿತ್ತಲಿರುವ ಮನೆಯೇ ಆಗಬೇಕು. ಕೆಂಪು ಕಲ್ಲಿನ ಗೋಡೆ, ಹೆಂಚಿನ ಮಾಡು, ಹಿಂದೆ ಮರಳು ಬೆರೆತ ನೆಲ. ಮಾರುವ ಮುದುಕಿ ಅಡುಗೆಮನೆಯ ಬಾಗಿಲು ತೆರೆದು ನಿಂತರೆ ನೀನು ಗುದ್ದಲಿ ಕೇಳಿದೆ. ಅವ್ವನಿಗೆ ನಾಚಿಕೆಯೋ ನಾಚಿಕೆ.

"ಮಂದಿ ಮನಿ ನೋಡಾಕ ಬಂದ್ರ ಒಲಿ ನೋಡ್ತಾರ, ಅಟ್ಟ ನೋಡ್ತಾರ. ನೀವೇನ್ರೀ ಇದು?"

"ಒಲಿ ನಿನಗ, ಕುಣಿ ನನಗ. ಅವರವರದು ಅವರು ನೋಡ್ಕೊಳ್ಳೂಣು."

ಮುದುಕಿ ಹಣೆ ಬಡಿದುಕೊಂಡು "ಅಹೋ, ಕಾಯ್ ಶೋಧತಾಯ್? ಸೋನಂ?" ಎಂದಳು. ಅವಳ ಹಿತ್ತಲಲ್ಲಿ ನೀನು ಬಂಗಾರ ಹುಡುಕುತ್ತಿದ್ದೀಯ ಅಂದುಕೊಂಡಿದ್ದಳು.

ಎದೆಯಾಳದ ಆ ಗುಂಡಿಯಲ್ಲಿ ನೀನು ಇಳಿದು ಕುಳಿತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪದ್ಮಾಸನ ಹಾಕಿ, ರುಮಾಲು ಸರಿಮಾಡಿಕೊಂಡು, ಮುಷ್ಟಿ ತುಂಬ ಮಣ್ಣು ಹಿಡಿದು ಮೇಲೆ ನೋಡಿದೆ. "ಒಣಾ ಐತಿ ನೋಡೋ, ನಮ್ಮ ಹೊಲದಂಗ. ಇಲ್ಲಿ ಕುಂದ್ರಬಹುದು." ಮದುವೆಗೆ ಹೆಣ್ಣು ಒಪ್ಪಿದವನ ಹಾಗೆ ನಗುತ್ತಿದ್ದೆ. ಆಮೇಲೆ ನೀನು ಬಾವಿಯ ಹತ್ತಿರ ಕೈ ತೊಳೆಯುವಾಗ, ಬೇಲಿಯಾಚೆ ಬಲೆ ಹೆಣೆಯುತ್ತಿದ್ದ ಮೀನುಗಾರ ನನ್ನನ್ನು ಕರೆದು ಮಳೆಗಾಲದಲ್ಲಿ ಆ ಗುಂಡಿಗೆ ನೆಲದೊಳಗಿಂದಲೇ ನೀರು ತುಂಬುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ಎರಡು ಸಲ ಹೇಳಿದ. "ಏನಂದ ಅಂವ?" ಎಂದು ನೀನು ಕೇಳಿದೆ.

"ಇಲ್ಲಿ ಮಳಿ ಭಾಳಂತ ಅಪ್ಪಾ."

ಸುಳ್ಳು ಹೇಳಲಿಲ್ಲ. ಅರ್ಧ ಹೇಳಿದೆ. ಇನ್ನರ್ಧ ಹೇಳಿದ್ದರೆ ನೀನು ಆ ಸಂಜೆಯೇ ಬಸ್ಸು ಹತ್ತುತ್ತಿದ್ದೆ, ನಾನು ಮತ್ತೆ ಮೆಣಸಿನಕಾಯಿಯ ನಡುವೆ... ನನಗೆ ಸಮುದ್ರ ಬೇಕಾಗಿತ್ತು ಅಪ್ಪಾ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ವೈಶಾಖದಲ್ಲಿ ನಿನ್ನ ಕೆಮ್ಮು ನಿಂತೇಬಿಟ್ಟಿತಲ್ಲ! ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ ಅಲೆಯ ಅಂಚಿನಲ್ಲಿ ನಡೆಯುತ್ತಿದ್ದೆ. "ಇಲ್ಲಿ ಗಾಳಿಗೂ ಉಪ್ಪು ಹಾಕ್ಯಾರ, ನಿಮ್ಮವ್ವಗ ಹೇಳು, ಸಾರಿಗೆ ಕಡಿಮಿ ಹಾಕ್ಲಿ" ಎನ್ನುತ್ತಿದ್ದೆ. ಮೀನು ಒಣಗಿಸುವ ವಾಸನೆಗೆ ಮೂಗು ಮುಚ್ಚುತ್ತಿದ್ದರೂ ಆ ಮೀನುಗಾರನೊಂದಿಗೆ ದಿನಾ ಹರಟೆ. ನೀವಿಬ್ಬರೂ ಮಾತಾಡುವಾಗಲೆಲ್ಲ ನಾನು ನಡುವೆ ಬಂದು ಕೂರುತ್ತಿದ್ದೆ. ಯಾಕೆಂದು ನಿನಗೆ ಹೊಳೆಯಲೇ ಇಲ್ಲವೇ?

ಆಷಾಢದಲ್ಲಿ ಉಸಿರು ಮತ್ತೆ ಕಟ್ಟಿತು. ಗುಡ್ಡ ಕುಸಿದು ಘಾಟಿಯ ರಸ್ತೆ ಮುಚ್ಚಿತ್ತು; ಕೊಲ್ಹಾಪುರದ ಕಡೆಗೆ ಒಂದು ಬಸ್ಸೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ನನ್ನ ಕೈ ಹಿಡಿದು ಕೇಳಿದೆ: "ಅಲ್ಲಿ ಒಣಾ ಐತಲ್ಲ?" ಹೌದೆನ್ನು ಎಂದು ಅವ್ವ ನಿನ್ನ ತಲೆಯ ಹಿಂದಿನಿಂದ ಕಣ್ಣಲ್ಲೇ ಬೇಡುತ್ತಿದ್ದಳು. ನಾನು ಬೆಳಗ್ಗೆಯೇ ಗುದ್ದಲಿ ಹಾಕಿ ನೋಡಿ ಬಂದಿದ್ದೆ.

"ಇಲ್ಲ ಅಪ್ಪಾ. ನೀರು ಬಂದೈತಿ. ಹಿಂಗಾಗತೈತಿ ಅಂತ ನನಗ ಆವತ್ತ ಗೊತ್ತಿತ್ತು."

ಆಗ ನೀನು ಹೊರಳಿದೆ. ಮರುದಿನ ಮುಂಜಾನೆಯವರೆಗೂ ಉಸಿರಾಡಿದೆ, ಮಾತಾಡಲಿಲ್ಲ. ಚೈತ್ರದಲ್ಲಿ ಹೇಳಬೇಕಾಗಿದ್ದನ್ನು ಆಷಾಢದಲ್ಲಿ ಹೇಳಿದರೆ ಅದಕ್ಕೆ ಪ್ರಾಮಾಣಿಕತೆ ಎನ್ನುತ್ತಾರೆಯೇ?

ನಿನಗೆ ಮಣ್ಣು ಕೊಟ್ಟ ದಿನದ್ದನ್ನೂ ಮುಚ್ಚಿಡುವುದಿಲ್ಲ. ಬೇಲಿಯಾಚೆಯ ಮೀನುಗಾರ ಮತ್ತು ಅವನ ತಮ್ಮ ಕೊಡದಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲಿದರು, ಎತ್ತಿದಷ್ಟೂ ಬಂತು. ಅವ್ವ ನಿನ್ನ ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಕಟ್ಟಿದಳು. ಕೆಳಗೆ ಕೂಡಿಸಿದರೆ ನೀರು ನಿನ್ನ ಎದೆಗೆ ಬಂತು. ನೀನು ಕೂರಲಿಲ್ಲ ಅಪ್ಪಾ. ಮೇಲೆದ್ದೆ, ವಾಲಿದೆ. ಮರಳು ಬೀಳುವವರೆಗೆ ನಿನ್ನ ಎರಡೂ ಭುಜ ಒತ್ತಿ ಹಿಡಿದವನು ನಾನು. ಹಿಡಿದವನ ಕಾಲೂ ಹೂತುಹೋಗಿ, ನನ್ನನ್ನು ಎಳೆದು ತೆಗೆದರು. ಇನ್ನೂ ಆಳ ತೋಡಲಾಗಲಿಲ್ಲ. ನಿನ್ನ ತಲೆಯ ಮೇಲೆ ಒಂದೂವರೆ ಮೊಳ ಮಣ್ಣೂ ಇಲ್ಲ.

ಘಾಟಿಯ ರಸ್ತೆ ತೆರೆದ ಮೇಲೆ ಕಾಕಾ ಬಂದ. ಅವನಿಗೆ ಮೀನುಗಾರನ ಮಾತಿನ ಸಮೇತ ಎಲ್ಲ ಹೇಳಿದೆ. "ಹೆತ್ತ ಅಪ್ಪನ್ನ ನೀರಾಗ ಕೂಡ್ಸಿದೆಲ್ಲೋ" ಎಂದ, ಒಂದು ಗುಟುಕು ಚಹಾ ಕುಡಿಯದೆ ಹೋದ. ಮೀನುಗಾರ ಎರಡು ಸಲ ಹೇಳಿದ್ದನೆಂಬುದು ಬಾಗಿಲ ಹಿಂದಿದ್ದ ಅವ್ವನಿಗೆ ಗೊತ್ತಾದದ್ದು ಆಗಲೇ. ಅಂದಿನಿಂದ ತಾಟು ಇಡುತ್ತಾಳೆ, ಮಾತಿಲ್ಲ. ಮನೆ ಮಾರಲು ತೆಗೆದೆವು. ನೋಡಲು ಬಂದ ಇಬ್ಬರಿಗೂ ಹಿತ್ತಲಲ್ಲಿ ಯಾರಿದ್ದಾರೆಂದು ಹೇಳಿದೆ. ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟುಹೋದರು. ಆಗ ಅವ್ವ ಬಾಯಿ ಬಿಟ್ಟಳು: "ನಾಲಿಗಿ ಬಿಗಿ ಹಿಡಿಯೋ. ಒಮ್ಮೆ ಹಿಡಿದಿದ್ದೆಲ್ಲ, ಹೆಂಗಂತ ಗೊತ್ತೈತಲ್ಲ ನಿನಗ?"

ನಿನ್ನೆ ಮೂರನೆಯವರು ಬಂದರು. ಮುಂಬೈಯಲ್ಲಿ ನೌಕರಿ ಮುಗಿಸಿದ ಮನುಷ್ಯ, ಕೈಯಲ್ಲಿ ಕೊಡೆ. ಅವರಿಗೂ ಹೇಳಿದೆ. ಕೊಡೆಯ ತುದಿಯಿಂದ ನೆಲ ಚುಚ್ಚಿ ನೋಡಿ, "ಮಗ ಇಥಂ ನಾರಳ ಚಾಂಗಲಾ ಯೇಯಿಲ್" ಎಂದರು. ಹಾಗಾದರೆ ಇಲ್ಲಿ ತೆಂಗು ಚೆನ್ನಾಗಿ ಬರುತ್ತದೆ, ಎಂದು. ನಾನು ಸಹಿ ಮಾಡಿದೆ ಅಪ್ಪಾ. ಅವ್ವ ಗಡಹಿಂಗ್ಲಜಕ್ಕೆ, ಕಾಕಾನ ಮನೆಗೆ. ನಾನು ಇಚಲಕರಂಜಿಗೆ, ಮಗ್ಗಕ್ಕೆ. ನೀನು ಇಲ್ಲೇ. ನಿನ್ನನ್ನು ತೆಗೆದು ಒಯ್ಯಲು ಕಾಕಾ ಒಪ್ಪಲಿಲ್ಲ, ಕೂತವರನ್ನು ಎಬ್ಬಿಸಬಾರದಂತೆ.

ಅವರು ಆಗಲೇ ಒಂದು ತೆಂಗಿನ ಸಸಿ ತಂದು ನೀನಿರುವ ಜಾಗದ ಮೇಲೆಯೇ ಇಟ್ಟಿದ್ದಾರೆ. ತೋಡುವ ಆಳು ಸಿಗಲಿಲ್ಲವಂತೆ, ನಾಳೆ ಬಸ್ಸಿಗೆ ಮುಂಚೆ ನಾನೇ ತೋಡಿಕೊಡಬಹುದೇ ಎಂದು ಕೇಳಿದರು. ಬೇರೆ ಯಾರಾದರೂ ಬಂದರೆ ಎಷ್ಟು ಆಳಕ್ಕೆ ಗುದ್ದಲಿ ನಿಲ್ಲಿಸಬೇಕೆಂದು ಅವರಿಗೆ ತಿಳಿಯದು. ಒಪ್ಪಿಕೊಂಡೆ.

ಒಂದು ಮೊಳ. ಅದಕ್ಕಿಂತ ಕೆಳಗೆ ಗುದ್ದಲಿ ಇಳಿಸುವುದಿಲ್ಲ.