ನನ್ನ ತೃಪ್ತಿಯನ್ನು ನನ್ನ ಗಂಡನ ಬಳಿ ಕೇಳಿದವರಿಗೆ

ರೋಗಿಗಳ ತೃಪ್ತಿ ಅಳೆಯುವ ಮಾನ್ಯ ಅಧಿಕಾರಿಗಳೇ,

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ನನ್ನ ಹೆಸರಿನ ಮುಂದೆ "ಸಂಪೂರ್ಣ ತೃಪ್ತಿ" ಎಂದು ನಿಮ್ಮ ಕಚೇರಿ ಬರೆದುಕೊಂಡಿದೆ. ಅದನ್ನೇ ನೆಪ ಮಾಡಿಕೊಂಡು, ಹುಮನಾಬಾದಿನ ಆಸ್ಪತ್ರೆಯಲ್ಲಿ ಪ್ರತಿ ಗುರುವಾರ ನಮ್ಮಂಥವರ ಊದಿದ ಕೈ ನೀವಿ ಪಟ್ಟಿ ಸುತ್ತುತ್ತಿದ್ದ ಕೊಠಡಿಗೆ ಬೀಗ ಜಡಿಸಿದ್ದೀರಿ. ನನ್ನನ್ನು ಯಾವಾಗ ಕೇಳಿದಿರಿ ಸ್ವಾಮಿ?

ನಾನು ಬಸವಕಲ್ಯಾಣದಲ್ಲಿ ಬ್ಲೌಸ್ ಹೊಲಿಯುವವಳು. ವೈದ್ಯರು ಸ್ತನ ತೆಗೆಯದೆ ಗಡ್ಡೆಯನ್ನಷ್ಟೇ ತೆಗೆದರು, ಜೊತೆಗೆ ಬಲಗಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ರೇಡಿಯೇಷನ್ ಆಯಿತು. ಜೀವ ಉಳಿಸಿದವರಿಗೆ ಸಾಯುವ ತನಕ ಕೈ ಮುಗಿಯುತ್ತೇನೆ. ಆದರೆ ತೆಗೆಯದೆ ಉಳಿಸಿದ ಆ ಸ್ತನ ಕುಗ್ಗಿ ಗಟ್ಟಿಯಾಗಿದೆ. ಊರ ಹೆಂಗಸರ ಎದೆಯಳತೆ ತೆಗೆಯುವ ನಾನು ನನ್ನ ಬ್ಲೌಸಿಗೆ ಒಂದೇ ಕಡೆ ಹತ್ತಿ ಇಟ್ಟು ಹೊಲಿದುಕೊಳ್ಳುತ್ತೇನೆ. ಗಂಟು ತೆಗೆದ ಕಡೆಯ ಬಲಗೈ ಊದಿದ ದಿನ ಕತ್ತರಿಯ ಹಿಡಿಕೆಯೊಳಗೆ ಬೆರಳು ಹೋಗುವುದಿಲ್ಲ. ಇದಕ್ಕೆ ನಿಮ್ಮ ನಮೂನೆಯಲ್ಲಿ ಯಾವ ಕಾಲಂ ಇದೆ?

ಕಳೆದ ಗುರುವಾರ ಬಸ್ಸಿನಲ್ಲಿ ನಿಂತುಕೊಂಡೇ ಹುಮನಾಬಾದಿಗೆ ಹೋದೆ. ಬಾಗಿಲಿಗೆ ಬೀಗ. ಅಲ್ಲಿದ್ದ ನರ್ಸ್ ಒಬ್ಬರು (ಹೆಸರು ಬರೆಯುವುದಿಲ್ಲ, ಅವರ ನೌಕರಿಯಾದರೂ ಉಳಿಯಲಿ) ನಿಮ್ಮ ಕಚೇರಿ ಕಳಿಸಿದ ಹೆಸರುಗಳ ಪಟ್ಟಿ ತೋರಿಸಿದರು. "ಅಕ್ಕಾ, ಯಾರಿಗೂ ತ್ರಾಸ ಇಲ್ಲಂತ ಮ್ಯಾಲಿಂದ ಆರ್ಡರ್ ಬಂದದ್ರಿ. ನಿಮ್ಮ ಹೆಸರಿನ ಮುಂದೂ ಐದಕ್ಕ ಐದು ಅದ ನೋಡ್ರಿ."

ಮನೆಗೆ ಬಂದು ಕೇಳಿದಾಗ ನನ್ನ ಗಂಡ ಸೂರ್ಯಕಾಂತ ತಲೆ ತಗ್ಗಿಸಿದರು. "ಗಿರಣಿ ಮುಂದ ಹಿಟ್ಟಿಗೆ ನಿಂತಿದ್ದೆ. ಯಾವನೋ ಫೋನ್ ಮಾಡಿ ನಿನ್ನ ಎದಿ ಹ್ಯಾಂಗದ ಅಂತ ಕೇಳಾಕತ್ತಿದ್ದ. ಅಷ್ಟು ಮಂದಿ ಎದುರಿಗೆ ನಾ ಏನ್ ಹೇಳ್ಲಿ? ಎಲ್ಲಾ ಚಲೋ ಅದ್ರಿ ಅಂದು ಇಟ್ಟುಬಿಟ್ಟೆ."

ಅವರ ಮೇಲೆ ನನಗೆ ಸಿಟ್ಟು ಬಂದಿತು, ಇಳಿಯಿತು. ನಿಮ್ಮ ಮೇಲಿನದು ಇಳಿದಿಲ್ಲ. ನಮ್ಮ ಕಡೆ ಹೆಂಗಸಿನ ಆಸ್ಪತ್ರೆ ಚೀಟಿಯಲ್ಲಿ ಮನೆಯ ಗಂಡಸಿನ ನಂಬರು ಬರೆಸುವುದು ರೂಢಿ. ಆ ಪಟ್ಟಿಯ ಮೂವತ್ತೊಂದು ಹೆಂಗಸರಲ್ಲಿ ಸ್ವಂತ ಫೋನಿದ್ದವರು ಇಬ್ಬರೇ ಎಂದರು ನರ್ಸ್. ಉಳಿದವರ ನೋವನ್ನು ಗಂಡ, ಮೈದುನ, ಮಗ ಹೇಳಬೇಕಿತ್ತೇ? ಮೂವತ್ತೊಂದು ಜನರೂ ಒಬ್ಬರು ಬಿಡದಂತೆ ಐದಕ್ಕೆ ಐದು ಕೊಟ್ಟಾಗ, ಇಷ್ಟು ಓದಿಕೊಂಡ ನಿಮಗೆ ಒಂದಿಷ್ಟೂ ಅನುಮಾನ ಬರಲಿಲ್ಲವೇ? ಅಥವಾ ಅನುಮಾನ ಪಡದಿರುವುದಕ್ಕೇ ನಿಮ್ಮನ್ನು ಅಲ್ಲಿ ಕೂರಿಸಿದ್ದಾರೆಯೇ?

ಆ ವರದಿಯನ್ನು ಹಿಂದಕ್ಕೆ ಪಡೆಯಿರಿ. ಬರುವ ಗುರುವಾರವೇ ಕೊಠಡಿ ತೆರೆಸಿರಿ. ಕೇಳುವುದಿದ್ದರೆ ಒಬ್ಬ ಹೆಣ್ಣುಮಗಳನ್ನು ಮನೆಗೆ ಕಳಿಸಿ. ಬಾಗಿಲು ಹಾಕಿಕೊಂಡು, ರವಿಕೆ ಬಿಚ್ಚಿ ತೋರಿಸಿ ಉತ್ತರ ಹೇಳುತ್ತೇನೆ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅಚ್ಚಾದರೆ ಊರೆಲ್ಲ ಓದುತ್ತದೆ ಎಂದು ನನ್ನ ಗಂಡನಿಗೆ ಭಯ. ಓದಲಿ. ಇಷ್ಟು ದಿನ ನಾವು ನಾಚಿಕೊಂಡದ್ದು ನಿಮಗೆ ಅನುಕೂಲವಾಯಿತು. ಇನ್ನು ನಾಚಿಕೊಳ್ಳುವ ಸರದಿ ನಿಮ್ಮದು.

ಇಂತಿ,
ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿಯುತ್ತಿರುವ
ಸುಮನಬಾಯಿ, ಬಸವಕಲ್ಯಾಣ